ಹಾಡನ್ನು ಎರಡನೇ ಸಲ ಹಾಡಿದ್ದಕ್ಕೆ ಒಪೆರಾದಲ್ಲಿ ಅಷ್ಟು ಗಲಾಟೆ ಯಾಕೆ?

ನೀವು ಕೇಳಿದ್ದು 2024ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದ ಪ್ರಕರಣ. ಪುಚ್ಚಿನಿಯ ‘ಟೋಸ್ಕಾ’ ನಡೆಯುತ್ತಿತ್ತು. ಮೂರನೇ ಅಂಕದಲ್ಲಿ ಟೆನರ್, ಅಂದರೆ ಎತ್ತರದ ಗಂಡುಕಂಠದ ಗಾಯಕ, ಆಲ್ಫ್ರೆಡ್ ಕಿಮ್ ಹಾಡಿ ಮುಗಿಸಿದರು, ಚಪ್ಪಾಳೆ ನಿಲ್ಲಲಿಲ್ಲ, ಅದೇ ಹಾಡನ್ನು ಮತ್ತೆ ಎತ್ತಿದರು. ಟೋಸ್ಕಾ ಪಾತ್ರದ ಆಂಜೆಲಾ ಗಿಯೋರ್ಗಿಯು ಹಾಡು ನಡೆಯುವಾಗಲೇ ರಂಗಕ್ಕೆ ಬಂದು ಅಸಮಾಧಾನ ತೋರಿಸಿದರು, ಇದು ನಾಟಕ, ಸಂಗೀತ ಕಚೇರಿಯಲ್ಲ ಎಂಬರ್ಥದ ಮಾತನ್ನೂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಕೊನೆಯ ವಂದನೆಗೆ ಬಂದಾಗ ಸಭೆ ಬೂ ಹಾಕಿತು. ಉಡುಪಿಯಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ಇದು ವಿಚಿತ್ರ ಅನಿಸುವುದು ಸಹಜ, ಭಾಗವತರು ಒಂದೇ ಪದ್ಯವನ್ನು ಕಾಲು ಗಂಟೆ ಎಳೆದರೂ ನಾವು ಶಿಳ್ಳೆ ಹಾಕುತ್ತೇವೆ, ಅಲ್ಲಿ ಯಾಕೆ ಜಗಳ ಎಂದು ನಿಮ್ಮ ಪ್ರಶ್ನೆ.

ಅಹಂಕಾರ ಇಲ್ಲ ಅಂತಲ್ಲ, ಧಾರಾಳ ಉಂಟು. ಆದರೆ ಒಪೆರಾದ ಜಗಳಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವುಗಳ ಬುಡದಲ್ಲಿ ಸಿಗುವುದು ಗಂಟಲಿನ ಲೆಕ್ಕ, ಗಡಿಯಾರದ ಲೆಕ್ಕ.

ಮೊದಲು ಆ ಜಾಗವನ್ನೇ ಹತ್ತಿರದಿಂದ ನೋಡುವ. ರೋಮಿನ ಕೋಟೆಯ ಮೇಲೆ ಬೆಳಗಿನ ಜಾವ. ನಾಯಕ ಕವರದೋಸ್ಸಿಗೆ ಗುಂಡಿಕ್ಕಲು ಇನ್ನು ಒಂದು ಗಂಟೆ ಉಂಟು ಎಂದು ಜೈಲಿನವ ಹೇಳುತ್ತಾನೆ. ಅವನು ಪ್ರೇಯಸಿಗೆ ಕಾಗದ ಬರೆಯಲು ಕೂರುತ್ತಾನೆ. ರಾಗವನ್ನು ಮೊದಲು ಹಿಡಿಯುವುದು ಟೆನರ್ ಅಲ್ಲ, ಕ್ಲಾರಿನೆಟ್. ಟೆನರ್ ಮೊದಲಿಗೆ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಗುನುಗುತ್ತಾನೆ, ನಕ್ಷತ್ರಗಳು ಹೊಳೆಯುತ್ತಿದ್ದವು ಅಂತ. ಆಮೇಲೆ ರಾಗ ಅವನ ಬಾಯಿಗೆ ಬರುತ್ತದೆ, ಏರುತ್ತದೆ, ಬದುಕನ್ನು ಇಷ್ಟು ಪ್ರೀತಿಸಿದ್ದೇ ಇಲ್ಲ ಎಂದು ಒಡೆಯುತ್ತದೆ. ಒಟ್ಟು ಮೂರು ನಿಮಿಷ. ಇದನ್ನು ಎರಡನೇ ಸಲ ಹಾಡಿದರೆ ಏನಾಯಿತು? ಸಾಯಲು ಹೊರಟವ ಕಾಗದದ ಜೆರಾಕ್ಸ್ ತೆಗೆದ ಹಾಗಾಯಿತು. ಚಪ್ಪಾಳೆ ಸೇರಿಸಿದರೆ ಐದಾರು ನಿಮಿಷ ಹೆಚ್ಚಾಯಿತು, ಮೂರನೇ ಅಂಕ ಇರುವುದೇ ಅರ್ಧ ಗಂಟೆಗಿಂತ ಕಡಿಮೆ.

ಇನ್ನು ಸೈಡ್‌ವಿಂಗ್‌ನಲ್ಲಿ ನಿಂತ ಟೋಸ್ಕಾಳ ಕಡೆಯಿಂದ ನೋಡಿ. ಎರಡನೇ ಅಂಕದಲ್ಲಿ ಕಿರುಚಿ, ಅತ್ತು, ಪ್ರಾರ್ಥನೆ ಹಾಡಿ, ಪೊಲೀಸ್ ಅಧಿಕಾರಿಯನ್ನು ಚೂರಿಯಿಂದ ಇರಿದು ಬಂದಿದ್ದಾಳೆ. ಈ ಹಾಡು ಮುಗಿದ ಕೂಡಲೇ ರಹದಾರಿ ಪತ್ರ ಹಿಡಿದು ಬರಬೇಕು. ಬಂದು ಕೆಲವೇ ನಿಮಿಷದಲ್ಲಿ ‘ಆ ಚೂರಿಯನ್ನು ಅವನೆದೆಗೆ ನೆಟ್ಟೆ’ ಎಂಬ ಸಾಲು ಉಂಟಲ್ಲ, ಅದರಲ್ಲಿ ‘ಹೈ ಸಿ’ ಎಂಬ ತಾರಸ್ವರಕ್ಕೆ ಹತ್ತಿ ಅಲ್ಲಿಂದ ನೇರ ಕೆಳಗಿನ ಸ್ವರಕ್ಕೆ ಹಾರಬೇಕು. ಮೈಕ್ ಇಲ್ಲ. ಅರವತ್ತು ಎಪ್ಪತ್ತು ವಾದ್ಯಗಳ ಮೇಲಿಂದ ದಾಟಿ ಕೊನೆಯ ಗ್ಯಾಲರಿಗೆ ಮುಟ್ಟಬೇಕು. ಇದು ಬರೀ ಜೋರಿನಿಂದ ಆಗುವ ಕೆಲಸವಲ್ಲ. ಆರ್ಕೆಸ್ಟ್ರಾದ ಬಲವೆಲ್ಲ ಕೆಳಗಿನ ಸ್ವರಾಂಶಗಳಲ್ಲಿ ಇರುತ್ತದೆ, ಸುಮಾರು 3000 ಹರ್ಟ್ಸ್ ಹತ್ತಿರ ತೆಳ್ಳಗಾಗುತ್ತದೆ. ತರಬೇತಾದ ಗಂಡುಕಂಠ ಅಲ್ಲೇ ಒಂದು ಹೊಳಪನ್ನು ಸೇರಿಸಿ ಆ ಸಂದಿಯಿಂದ ನುಸುಳುತ್ತದೆ. ಹೆಣ್ಣುಕಂಠದ ಮೇಲಿನ ಸ್ವರಗಳಲ್ಲಿ ಉಪಾಯ ಬೇರೆ, ಬಾಯಿಯ ತೆರವನ್ನೇ ಸ್ವರಕ್ಕೆ ತಕ್ಕಂತೆ ಅಗಲಿಸಿ ಅದೇ ಸ್ವರವನ್ನು ಬಲಪಡಿಸುವುದು. ಎರಡಕ್ಕೂ ಉಸಿರು, ಹೊಟ್ಟೆ, ದವಡೆ ಎಲ್ಲ ಒಂದು ಹದಕ್ಕೆ ಬಂದಿರಬೇಕು. ಆ ಹದ ಇಟ್ಟುಕೊಂಡು ಹೆಜ್ಜೆ ಎತ್ತುವ ಹೊತ್ತಿಗೆ ‘ಸ್ವಲ್ಪ ನಿಲ್ಲಿ, ಅವರು ಮತ್ತೊಮ್ಮೆ ಹಾಡುತ್ತಾರಂತೆ’ ಎಂದರೆ ಹೇಗಾದೀತು?

ಬಿಸ್ ಇಲ್ಲ ಎಂದು ಮೊದಲೇ ಮಾತಾಗಿತ್ತು ಎಂಬುದು ಆಕೆಯ ಕಡೆಯವರ ವಾದ. ಬಿಸ್ ಎಂದರೆ ಇಟಾಲಿಯನ್ನರ ‘ಇನ್ನೊಮ್ಮೆ’. ಮಾತಾಗಿದ್ದರೆ ಸಿಟ್ಟಿಗೆ ಕಾರಣ ಉಂಟು. ಆದರೆ ನಡೆಯುತ್ತಿರುವ ಹಾಡಿನ ಮಧ್ಯೆ ರಂಗಕ್ಕೆ ಬಂದದ್ದು ಯಾವ ಲೆಕ್ಕದಲ್ಲೂ ಸರಿಯಲ್ಲ. ನಾಟಕಕ್ಕೆ ಗೌರವ ಕೊಡಿ ಎನ್ನುತ್ತ ನಾಟಕವನ್ನೇ ನಿಲ್ಲಿಸಿದ ಹಾಗೆ. ತಕರಾರು ಇದ್ದರೆ ಅದು ವಾದ್ಯವೃಂದ ನಡೆಸುವ ಕಂಡಕ್ಟರ್ ಜೊತೆ ಇರಬೇಕಿತ್ತು, ಅದೂ ಪರದೆ ಬಿದ್ದ ಮೇಲೆ. ಯಾಕೆಂದರೆ ಬಿಸ್ ಕೊಡುವವರು ಟೆನರ್ ಅಲ್ಲ. ವಾದಕರು ಪುಟ ಹಿಂದೆ ತಿರುಗಿಸಿ ಕ್ಲಾರಿನೆಟ್ ಸಾಲಿಗೆ ಮರಳಬೇಕು, ಕಂಡಕ್ಟರ್ ಕೋಲೆತ್ತಿ ‘ರೈಟ್ ಪೋಯಿ’ ಅನ್ನದೆ ಬಸ್ಸು ಹೊರಡುವುದಿಲ್ಲ.

ಇದೇ ಗಾಯಕಿ, ಇದೇ ಹಾಡು, 2016ರ ಏಪ್ರಿಲ್, ವಿಯೆನ್ನಾ. ಅಲ್ಲಿ ಟೆನರ್ ಯೋನಾಸ್ ಕೌಫ್ಮನ್ ಬಿಸ್ ಮುಗಿಸಿದರು, ಸಂಗೀತ ಮುಂದೆ ಹೋಯಿತು, ಟೋಸ್ಕಾ ಬರಲೇ ಇಲ್ಲ. ಖಾಲಿ ರಂಗದಲ್ಲಿ ನಿಂತ ಕೌಫ್ಮನ್ ‘ನಮಗೆ ಸೊಪ್ರಾನೊ (ಎತ್ತರದ ಹೆಣ್ಣುಕಂಠದ ಗಾಯಕಿ) ಇಲ್ಲ’ ಎಂದು ಇಟಾಲಿಯನ್ನಿನಲ್ಲಿ ಸ್ವರ ಸೇರಿಸಿಯೇ ಹಾಡಿದರು. ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಹಾಸ್ಯಗಾರರು ಕೂಡ ಇದಕ್ಕಿಂತ ಚಂದ ಸಂಭಾಳಿಸಲಿಕ್ಕಿಲ್ಲ.

ಬಿಸ್ ಬೇಡ ಎಂಬ ನಿಯಮ ಹಳೆಯದಲ್ಲ. 19ನೇ ಶತಮಾನದ ಇಟಲಿಯಲ್ಲಿ ಜನ ಕೇಳಿದರೆ ಹಾಡುವುದೇ ಪದ್ಧತಿ. ಮಿಲಾನಿನ ಸ್ಕಾಲಾ ಒಪೆರಾ ಮಂದಿರದಲ್ಲಿ ಅದನ್ನು ನಿಲ್ಲಿಸಲು ಹಟ ಹಿಡಿದವರು ಕಂಡಕ್ಟರ್ ತೊಸ್ಕಾನಿನಿ. ಅಲ್ಲಿ 1933ರ ನಂತರ ಒಬ್ಬ ಏಕಗಾಯಕ ಮತ್ತೆ ಬಿಸ್ ಹಾಡಿದ್ದು 2007ರಲ್ಲಿ, ಹುವಾನ್ ದಿಯೇಗೊ ಫ್ಲೋರೆಸ್. ಡೋನಿಝೆಟ್ಟಿಯ ಒಂದು ಹಾಡು, ಅದರಲ್ಲಿ ಒಂಬತ್ತು ಹೈ ಸಿ. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಅಂದರೆ ಮೆಟ್‌ನಲ್ಲೂ ಅದನ್ನೇ ಎರಡು ಸಲ ಹಾಡಿದರು. ಮೆಟ್‌ನಲ್ಲಿ ಅದಕ್ಕೆ ಮೊದಲಿನ ಬಿಸ್ 1994ರದ್ದು, ಪವರೊಟ್ಟಿ, ಯಾವ ಹಾಡು ಅಂತೀರಿ? ಇದೇ ನಕ್ಷತ್ರದ ಹಾಡು. ಫ್ಲೋರೆಸ್ ಅವರದ್ದು ತಮಾಷೆಯ ಕಥೆ, ಸೈನಿಕರ ನಡುವೆ ಖುಷಿಯಲ್ಲಿ ಹಾಡುವುದು, ಎರಡು ಸಲ ಖುಷಿಪಟ್ಟರೆ ಯಾರಿಗೂ ನಷ್ಟವಿಲ್ಲ. ಹಾಗಾಗಿ ಅಲ್ಲಿ ಜಗಳ ಹುಟ್ಟಲಿಲ್ಲ.

ಈಗ ನಿಮ್ಮ ಭಾಗವತರ ವಿಷಯ. ಅಲ್ಲಿ ತಕರಾರಿಲ್ಲ ಅಂದಿರಿ, ಅರ್ಧ ಒಪ್ಪುತ್ತೇನೆ. ಭಾಗವತರೇ ರಂಗದ ಮೇಲೆ ಕೂತ ನಿರ್ದೇಶಕರು. ಚೆಂಡೆ ಮದ್ದಳೆಯವರು ಪುಸ್ತಕ ನೋಡಿ ಬಾರಿಸುವುದಿಲ್ಲ, ಅವರ ಮುಖ ನೋಡಿ ಬಾರಿಸುತ್ತಾರೆ. ಎತ್ತಿದ ಸಾಲಿಗೆ ವೇಷಧಾರಿ ಹೊಸ ಕುಣಿತ ಕೊಡುತ್ತಾನೆ, ಹಾಗಾಗಿ ಕಥೆ ನಿಂತಂತೆ ಕಾಣುವುದಿಲ್ಲ. ಬೆಳಗಿನವರೆಗಿನ ಆಟದಲ್ಲಿ ಹತ್ತು ನಿಮಿಷ ಯಾರಿಗೆ ಲೆಕ್ಕ? ಕೆಲವೇ ಗಂಟೆಗಳಲ್ಲಿ ಮುಗಿಸುವ ಕಾಲಮಿತಿ ಆಟ ಬಂದ ಮೇಲೆ ಮಾತ್ರ ಲೆಕ್ಕ ಬದಲಾಗಿದೆ. ಮೊದಲಿನ ಶೃಂಗಾರ ಪದ್ಯ ಉದ್ದವಾದರೆ ಕತ್ತರಿ ಬೀಳುವುದು ಕೊನೆಯ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಟ್ಟು, ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಎದ್ದವನಿಗೆ ಒಡ್ಡೋಲಗದ ಪ್ರವೇಶ ಮೊಟಕು ಮಾಡಿ ಎಂದು ಚೀಟಿ ಬರುತ್ತದೆ. ಆಗ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಏನು ಮಾತು ನಡೆಯುತ್ತದೆ ಅಂತ ನಾನಿಲ್ಲಿ ಬರೆಯುವುದಿಲ್ಲ ಮಾರಾಯ್ರೆ. ಸೋಲ್‌ನ ಸಿಟ್ಟೂ ಅದೇ ಜಾತಿಯದ್ದು, ಚೌಕಿಯಲ್ಲಿ ಉಳಿಯಬೇಕಾದ್ದು ರಂಗಸ್ಥಳಕ್ಕೆ ಬಂತು, ಅಷ್ಟೆ.

ಗಡಿಯಾರ ಬಿಟ್ಟು ಗಂಟಲಿನ ಜಗಳ ನೋಡಬೇಕಾದರೆ 2006ರ ಡಿಸೆಂಬರ್, ಸ್ಕಾಲಾ, ವೆರ್ಡಿಯ ‘ಐದಾ’. ವೆರ್ಡಿ ಮಹಾಶಯರು ಟೆನರ್‌ನ ಅತಿ ಕಷ್ಟದ ಹಾಡನ್ನು ಪರದೆ ಎದ್ದ ಕೆಲವೇ ನಿಮಿಷಕ್ಕೆ ಇಟ್ಟಿದ್ದಾರೆ, ಗಂಟಲು ಕಾಯುವ ಮೊದಲೇ. ಕೊನೆಯ ಸ್ವರ ಮೇಲಿನ ಬಿ ಫ್ಲಾಟ್, ಅದನ್ನು ಮೆಲ್ಲಗೆ, ಕರಗುವ ಹಾಗೆ ಹಾಡು ಎಂದು ಬರೆದಿದ್ದಾರೆ. ಹೆಚ್ಚಿನವರು ಜೋರಾಗಿ ಹೊಡೆದು ಪಾರಾಗುತ್ತಾರೆ, ಯಾಕೆಂದರೆ ಆ ಎತ್ತರದಲ್ಲಿ ಮೆಲ್ಲಗೆ ಹಾಡಿದರೆ ಸ್ವರ ಒಡೆಯುವ ಅಪಾಯ ಹೆಚ್ಚು. ಸ್ಕಾಲಾದ ಮೇಲಿನ ಗ್ಯಾಲರಿಯ ಕಡಿಮೆ ದರದ ಜಾಗದವರಿಗೆ ಇದೆಲ್ಲ ಬಾಯಿಪಾಠ. ನಮ್ಮ ಟೆಂಟಿನ ಹಿಂದುಗಡೆ ಕೂತು ತಾಳ ತಪ್ಪಿದ್ದನ್ನು ಹಿಡಿಯುವವರ ಜಾತಿ. ರೊಬೆರ್ಟೊ ಅಲಾನ್ಯಾ ಹಾಡಿದರು, ಮೇಲಿಂದ ಬೂ ಬಂತು, ಒಂದು ಸಲಾಂ ಹೊಡೆದು ನಡೆದೇಬಿಟ್ಟರು. ಬದಲಿ ಟೆನರ್ ಅಂತೊನೆಲ್ಲೊ ಪಲೊಂಬಿಯನ್ನು ಹಾಕಿಕೊಂಡಿದ್ದ ಬಟ್ಟೆಯಲ್ಲೇ ರಂಗಕ್ಕೆ ನೂಕಿದರು. ಸುತ್ತ ಚಿನ್ನದ ಈಜಿಪ್ಟ್, ನಡುವೆ ಜೀನ್ಸ್ ಹಾಕಿದ ಸೇನಾಧಿಪತಿ.

ಬದಲಿಯವರು ಮೊದಲಿನಿಂದ ಕೊನೆಯ ತನಕ ಪಾತ್ರ ಕಲಿತು, ಕರೆದರೆ ಬರುವಷ್ಟು ಹತ್ತಿರ ಇರಬೇಕು, ಅದಕ್ಕೇ ಸಂಬಳ. ಆ ಖರ್ಚು ಉಳಿಸಿದರೆ ಏನಾಗುತ್ತದೆ ಎಂಬುದಕ್ಕೆ 1958ರ ಜನವರಿ 2ರ ರೋಮ್ ಉಂಟು: ಮರಿಯಾ ಕಾಲಾಸ್ ‘ನೋರ್ಮಾ’ದ ಮೊದಲ ಅಂಕ ಮುಗಿಸಿ ಗಂಟಲು ಕೈಕೊಟ್ಟು ಮುಂದೆ ಹಾಡಲಿಲ್ಲ, ಸಭೆಯಲ್ಲಿ ರಾಷ್ಟ್ರಪತಿ ಕೂತಿದ್ದರು, ಬದಲಿ ಇರಲಿಲ್ಲ, ಆಟ ಅಲ್ಲಿಗೆ ಮುಗಿಯಿತು. ಬೈಗುಳ ಬಿದ್ದದ್ದು ಕಾಲಾಸ್‌ಗೆ. ನನ್ನ ಪ್ರಕಾರ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಂಗಮಂದಿರದವರಿಗೆ ಸಲ್ಲಬೇಕು. ಗಂಟಲು ಸರಿಯಿಲ್ಲದಿದ್ದರೂ ಜನ ಯಾಕೆ ಹಾಡಲು ಬರುತ್ತಾರೆ ಅಂದರೆ, ಹೆಚ್ಚಿನ ಅತಿಥಿ ಗಾಯಕರಿಗೆ ದುಡ್ಡು ಆಟಕ್ಕೆ ಇಷ್ಟು ಅಂತ. ಹಾಡದ ರಾತ್ರಿಗೆ ಸೊನ್ನೆ. ಪರದೆಯ ಮುಂದೆ ಕೋಟು ಹಾಕಿದ ಒಬ್ಬರು ಮೈಕ್ ಹಿಡಿದು ಬಂದರೆಂದರೆ ಸಭೆಯಿಡೀ ‘ಅಯ್ಯೋ’ ಅನ್ನುವುದು ಇದಕ್ಕೇ: ಒಂದೋ ಗಾಯಕ ಬದಲು, ಇಲ್ಲವೇ ಶೀತವಿದ್ದರೂ ಹಾಡುತ್ತಾರೆ, ಸಹಿಸಿಕೊಳ್ಳಿ.

ನೀವು ಇಲ್ಲಿಂದಲೇ ನೋಡಿ ತೀರ್ಮಾನಿಸಬೇಕಾದರೆ ಸೋಲ್‌ನ ಮೊಬೈಲ್ ತುಣುಕುಗಳಿಂದ ಶುರು ಮಾಡಬೇಡಿ. ಮೊದಲು ಯಾವುದಾದರೂ ಪೂರ್ತಿ ‘ಟೋಸ್ಕಾ’ದ ಮೂರನೇ ಅಂಕ ಮಾತ್ರ ನೋಡಿ, ಸಬ್‌ಟೈಟಲ್ ಹಾಕಿಕೊಂಡು. ಒಪೆರಾವಿಷನ್‌ನಲ್ಲಿ ಯುರೋಪಿನ ರಂಗಮಂದಿರಗಳ ಆಟ ಪುಕ್ಕಟೆ ಬರುತ್ತವೆ, ಆದರೆ ಕೆಲವು ತಿಂಗಳಿಗೆ ತೆಗೆಯುತ್ತಾರೆ. ಮೆಟ್‌ನ ಶನಿವಾರದ ಮಧ್ಯಾಹ್ನದ ಆಟದ ರೇಡಿಯೋ ಪ್ರಸಾರ 1931ರಿಂದ ನಡೆದುಬಂದಿದೆ, ಈಗ ಇಂಟರ್ನೆಟ್ಟಲ್ಲೂ ಸಿಗುತ್ತದೆ. ನ್ಯೂಯಾರ್ಕಿನ ಮಧ್ಯಾಹ್ನ ಒಂದು ಗಂಟೆ ಎಂದರೆ ನಮಗೆ ಚಳಿಗಾಲದಲ್ಲಿ ರಾತ್ರಿ 11.30, ಅಲ್ಲಿ ಗಡಿಯಾರ ಮುಂದೆ ಮಾಡಿದ ಮೇಲೆ 10.30. ಕಾಲಮಿತಿ ಆಟ ಮುಗಿಸಿ ಮನೆಗೆ ಬಂದರೂ ಕೊನೆಯ ಅಂಕ ಸಿಕ್ಕೀತು. ಕ್ಲಾರಿನೆಟ್ ಶುರುವಾದಲ್ಲಿಂದ ಟೋಸ್ಕಾ ಹೈ ಸಿ ಹತ್ತುವ ತನಕ ವಾಚು ಹಿಡಿದು ಕೂತುಕೊಳ್ಳಿ, ಮಧ್ಯದಲ್ಲಿ ಇನ್ನೊಂದು ಮೂರು ನಿಮಿಷದ ಹಾಡು ಹೊಗಿಸಲು ಎಲ್ಲಿ ಜಾಗ ಉಂಟು ಹುಡುಕಿ.