ಫಿಗರೇಟಿವ್: ಭಾಷೆಗೊಂದು ಪದ, ಚಿತ್ರಕ್ಕೊಂದು ಪದ

ನೀವು ಕಲೆಯ ಬಗ್ಗೆ ಲೇಖನ ಅನುವಾದಿಸುತ್ತಿದ್ದೀರಿ, ಇಂಗ್ಲಿಷಿನ ‘ಫಿಗರೇಟಿವ್’ ಪದ ಭಾಷೆಯ ಬಗ್ಗೆ ಬಂದರೂ ಚಿತ್ರದ ಬಗ್ಗೆ ಬಂದರೂ ಅದಕ್ಕೆ ಒಂದೇ ಕನ್ನಡ ಪದ ಬೇಕು ಅಂದಿದ್ದೀರಿ. ಅದೇ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು.

ಆಗ ಮಂಗಳೂರಿನಲ್ಲಿ ಅನುವಾದದ ಕೆಲಸ ಮಾಡುತ್ತಿದ್ದೆ. ಉಡುಪಿಯ ಹಿರಿಯ ಕಲಾವಿದೆಯೊಬ್ಬರ ಪ್ರದರ್ಶನದ ಪುಸ್ತಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಿತ್ತು. ಅವರನ್ನು ‘ಫಿಗರೇಟಿವ್ ಪೇಂಟರ್’ ಅಂದಿದ್ದರು. ನಿಘಂಟು ತೆರೆದೆ, ಮೊದಲು ಕಂಡದ್ದು ‘ಆಲಂಕಾರಿಕ’. ಹಾಕಿಬಿಟ್ಟೆ. ತಪ್ಪು ನಿಘಂಟಿನದ್ದಲ್ಲ. ನಾನು ಚಿತ್ರಗಳನ್ನೇ ನೋಡಿರಲಿಲ್ಲ. ಬಸ್ಸು ಹತ್ತಿದ್ದರೆ ಒಂದೂವರೆ ಗಂಟೆಯ ದಾರಿ. ಹೋಗಲಿ, ಎರಡು ಫೋಟೋ ಕಳಿಸಿ ಅಂತ ಕೇಳಬಹುದಿತ್ತು. ಅದನ್ನೂ ಕೇಳಲಿಲ್ಲ. ಒಂದೇ ಒಂದು ಚಿತ್ರ ನೋಡಿದ್ದರೂ ಆ ಪದ ನನ್ನ ಕೈಯಿಂದ ಬರುತ್ತಿರಲಿಲ್ಲ. 300 ಪ್ರತಿ ಅಚ್ಚಾಯಿತು.

ಅವರು ಓದಿ, ನನ್ನನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿದರು. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸು. ತಲೆಯ ಮೇಲೆ ಬುಟ್ಟಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. “ಇದರಲ್ಲಿ ಅಲಂಕಾರ ಎಲ್ಲಿದೆ ಮಾರಾಯ್ರೆ? ಕಂಡ ಹೆಂಗಸನ್ನು ಬರೆದದ್ದು ನಾನು” ಅಂದರು. ಆ ರಾತ್ರಿ ಕೂತು ಪ್ರತಿಯೊಂದಕ್ಕೂ ತಿದ್ದಿದ ಚೀಟಿ ಅಂಟಿಸಿದೆ. ಅವರ ಮುಂದಿನ ಪುಸ್ತಿಕೆ ನನಗೆ ಬರಲಿಲ್ಲ.

ಬೇರು ಒಂದೇ ನಿಜ. ಲ್ಯಾಟಿನ್‌ನ ‘ಫಿಗುರಾ’, ಅಂದ್ರೆ ಆಕಾರ. ಆದರೆ ಭಾಷೆಯಲ್ಲಿ ಪದ ತನ್ನ ನೇರ ಅರ್ಥ ಬಿಟ್ಟು ಹೋಗುತ್ತದೆ. ಮೇಲೆ ‘ಕೈ ಸುಟ್ಟುಕೊಂಡವನು’ ಅಂದೆನಲ್ಲ, ಅಲ್ಲಿ ಬೆಂಕಿ ಇರಲಿಲ್ಲ. ಚಿತ್ರದಲ್ಲಿ ಹೆಚ್ಚುಕಡಿಮೆ ಇದರ ಉಲ್ಟಾ. ಇದು ಮನುಷ್ಯ, ಇದು ದನ, ಇದು ದೋಣಿ ಅಂತ ಗುರುತು ಸಿಕ್ಕರೆ ಅದು ಫಿಗರೇಟಿವ್. ಸಿಗದಿದ್ದರೆ ಅಮೂರ್ತ. ಫೋಟೋದ ಹಾಗೇ ಇರಬೇಕು ಅಂತೇನೂ ಇಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ 1900ರ ಆಸುಪಾಸು ಇಟಲಿಯ ಕಲಾವಿದ ಮೊಸ್ಕೇನಿ ಗೋಡೆ ತುಂಬ ಬರೆದ ಸಂತರೂ ಫಿಗರೇಟಿವ್, ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ಕುಣಿಸಿದ ನರ್ತಕಿಯರೂ ಫಿಗರೇಟಿವ್.

ಹಾಗಾಗಿ ಒಂದೇ ಪದದ ಆಸೆ ಬಿಡಿ. ಭಾಷೆಗೆ ‘ಆಲಂಕಾರಿಕ’ ಸರಿ. ಚಿತ್ರಕ್ಕೆ ನಾನು ‘ಆಕೃತಿಪ್ರಧಾನ’ ಅಂತ ಬರೆಯುತ್ತೇನೆ. ನಿಮ್ಮ ಲೇಖನ ಯಾವ ಚಿತ್ರಗಳ ಬಗ್ಗೆ ಇದೆಯೋ, ಮೊದಲು ಅವನ್ನು ತರಿಸಿ ನೋಡಿ. ಆಮೇಲೆ ನಿಘಂಟು ತೆರೆಯಿರಿ.