ಉಳಿದ ಊಟ ಹಂಚಿದರೆ ಸಾಕೇ?

ಪ್ರಶ್ನೆ: ನಾವು ಕೆಲವು ನೆರೆಹೊರೆಯವರು ಸೇರಿ, ಸಮಾರಂಭಗಳಲ್ಲಿ ಉಳಿದ ಊಟವನ್ನು ಅಗತ್ಯವಿರುವ ಮನೆಗಳಿಗೆ ಎರಡು ವರ್ಷಗಳಿಂದ ತಲುಪಿಸುತ್ತಿದ್ದೇವೆ. ಅದೇ ಕುಟುಂಬಗಳು ಈಗಲೂ ನಮ್ಮ ದಾರಿ ಕಾಯುವುದನ್ನು ಕಂಡಾಗ ಶ್ರಮ ವ್ಯರ್ಥವಾಗುತ್ತಿದೆಯೇ ಎನಿಸುತ್ತದೆ. ನಾವು ಇನ್ನೇನು ಮಾಡಬೇಕು?

ಉತ್ತರ: ನಿಮ್ಮ ಶ್ರಮ ವ್ಯರ್ಥವಲ್ಲ, ಆ ಹೊತ್ತಿನ ಹಸಿವನ್ನು ಅದು ನೀಗಿಸಿದೆ. ಆದರೆ ಉಳಿದ ಊಟ ಬರುವುದು ಸಮಾರಂಭವಿದ್ದ ದಿನ, ಹಸಿವು ಬರುವುದು ಪ್ರತಿದಿನ. ಎಲ್ಲ ಜನರಿಗೂ ಎಲ್ಲ ಕಾಲದಲ್ಲೂ ಸಾಕಷ್ಟು, ಸುರಕ್ಷಿತ ಮತ್ತು ಪೌಷ್ಟಿಕ ಆಹಾರ ಕೈಗೆಟುಕುವ ಸ್ಥಿತಿಯನ್ನೇ 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯು ಆಹಾರ ಭದ್ರತೆ ಎಂದು ಕರೆಯಿತು. ಇದರಲ್ಲಿ ‘ಎಲ್ಲ ಕಾಲದಲ್ಲೂ’ ಎಂಬ ಮಾತನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ನನ್ನ ಕೋರಿಕೆ.

ಮೊದಲು ಆ ಮನೆಗಳವರೊಡನೆ ಕುಳಿತು ಮಾತನಾಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅನೇಕ ದೇಶಗಳಲ್ಲಿ ಬಳಸುವ ಎಂಟು ಪ್ರಶ್ನೆಗಳ ಅಳತೆಗೋಲು ಆರಂಭವಾಗುವುದು ಆತಂಕದಿಂದ: ಕೈಯಲ್ಲಿ ಹಣವಿಲ್ಲದೆ ಊಟಕ್ಕೆ ಸಾಲದಾದೀತೆಂದು ಚಿಂತಿಸಿದ್ದುಂಟೇ? ಅಲ್ಲಿಂದ ಅದು ಕೆಲವೇ ಬಗೆಯ ಆಹಾರದಲ್ಲಿ ದಿನ ದೂಡಿದ್ದು, ಒಂದು ಹೊತ್ತು ಬಿಟ್ಟದ್ದು, ಕೊನೆಗೆ ಇಡೀ ದಿನ ಉಪವಾಸವಿದ್ದದ್ದು ಎಂದು ಮುಂದುವರಿಯುತ್ತದೆ. ಹೀಗೆ ಕೇಳಿದಾಗ ಒಂದೊಂದು ಮನೆಯ ಕಾರಣವೂ ಬೇರೆಯೆಂದು ತಿಳಿಯುತ್ತದೆ. ತಿಂಗಳ ಕೊನೆಯಲ್ಲಿ ಮಾತ್ರ ಸಾಲದಾಗುವ ಮನೆಗೆ ನಿಗದಿತ ದಿನ ತಪ್ಪದೆ ದಿನಸಿ ಸಿಗಬೇಕು. ಒಲೆಯ ಮುಂದೆ ನಿಲ್ಲಲಾಗದ ವೃದ್ಧರಿಗೆ ಸಿದ್ಧ ಊಟವೇ ಬೇಕು. ಅರ್ಹತೆಯಿದ್ದೂ ಕಾಗದಪತ್ರ ಸರಿಯಿಲ್ಲದೆ ಸರ್ಕಾರದ ನೆರವು ತಪ್ಪಿದವರಿಗೆ, ಜೊತೆಯಲ್ಲಿ ಕುಳಿತು ಅರ್ಜಿ ತುಂಬಿಸುವುದು ಹತ್ತು ಊಟಕ್ಕಿಂತ ದೊಡ್ಡ ಸಹಾಯ.

ಫುಡ್ ಬ್ಯಾಂಕ್ ಎಂಬ ವ್ಯವಸ್ಥೆ 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಆರಂಭವಾಯಿತು. ದಾನವನ್ನು ಒಂದೆಡೆ ಕೂಡಿಟ್ಟು, ಬೇಕಾದಾಗ ಕೊಡುವುದು ಅದರ ಗುಟ್ಟು. ನಿಮ್ಮ ಬಡಾವಣೆಯ ಅಳತೆಗೆ ಒಂದು ಕೊಠಡಿ, ಒಂದು ಲೆಕ್ಕದ ಪುಸ್ತಕ ಇದ್ದರೆ ಆರಂಭಿಸಬಹುದು. ಅಲ್ಲಿ ಕುಟುಂಬದವರೇ ತಮಗೆ ಬೇಕಾದುದನ್ನು ಆರಿಸಿಕೊಳ್ಳಲಿ. ಸಾಲಿನಲ್ಲಿ ನಿಂತವರ ಛಾಯಾಚಿತ್ರವನ್ನು ದಯವಿಟ್ಟು ತೆಗೆಯಬೇಡಿ. ಆ ಒಂದು ಚಿತ್ರಕ್ಕೆ ಅಂಜಿ ಮರುವಾರ ಬಾರದೆ ಉಳಿಯುವವರಿದ್ದಾರೆ. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ನಗರವು 1993ರಲ್ಲಿ ಆಹಾರವನ್ನು ಹಕ್ಕೆಂದು ಒಪ್ಪಿ ಕಾರ್ಯಕ್ರಮ ರೂಪಿಸಿದಾಗ, ಅಲ್ಲಿನ ಅಗ್ಗದ ಭೋಜನಾಲಯಗಳನ್ನು ಬಡವರಿಗಷ್ಟೇ ಅಲ್ಲದೆ ಎಲ್ಲರಿಗೂ ತೆರೆದಿಟ್ಟಿತು. ಎಲ್ಲರೂ ಉಣ್ಣುವಲ್ಲಿ ಯಾರು ಬಡವರೆಂದು ಬೆರಳು ತೋರಿಸಲಾಗದು. ಇದನ್ನು ನಾನು ಬಹಳ ದೊಡ್ಡ ವಿವೇಕವೆಂದು ಭಾವಿಸುತ್ತೇನೆ.

ಪ್ರಶ್ನೆ: ಬೇಯಿಸಿದ ಆಹಾರವನ್ನು ಎಷ್ಟು ಹೊತ್ತಿನೊಳಗೆ ಹಂಚಬೇಕು?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಬೇಯಿಸಿದ ಆಹಾರ ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ ಇರಬೇಕು. ಮತ್ತೆ ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಅಪಾಯಕಾರಿ, ಏಕೆಂದರೆ ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಕುದಿಸಿದರೂ ನಾಶವಾಗದು. ಪಾತ್ರೆಯ ಮೇಲೆ ಅಡುಗೆಯಾದ ವೇಳೆಯನ್ನು ಬರೆಸಿಕೊಳ್ಳಿ. ವೇಳೆ ಹೇಳಲಾಗದವರಿಂದ ಊಟವನ್ನು ಸ್ವೀಕರಿಸಬೇಡಿ.