ಮೊರಾಕೊದಲ್ಲಿ ಅಪರಿಚಿತರು ಮನೆಗೆ ಕರೆದರೆ ಹೋಗಬಹುದೇ?

ನಿಮ್ಮ ಪ್ರಶ್ನೆ ಇದು: ಸರ್ಫ್ ಬೋರ್ಡ್ ಹಿಡಿದು, ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಮೊರಾಕೊದ ಅಗಾದಿರ್ ಕಡೆಗೆ ಹೊರಟಿದ್ದೀರಿ. ಅಲ್ಲಿನ ಜನ ದಾರಿಯಲ್ಲಿ ಸಿಕ್ಕವರನ್ನೂ ಚಹಾಕ್ಕೆ, ಊಟಕ್ಕೆ ಕರೆಯುತ್ತಾರಂತೆ. ಹೋಗಬಹುದೇ, ಯಾರನ್ನು ನಂಬುವುದು, ಸಸ್ಯಾಹಾರಿಯಾದರೆ ಹೇಗೆ?

ಖಂಡಿತ ಹೋಗಿ. ನಾನು ಅಲೆದ ಕರಾವಳಿಗಳಲ್ಲೆಲ್ಲ ನನಗೆ ಅತಿ ಹೆಚ್ಚು ಅನ್ನದ ಋಣ ಇರುವುದು ಅಲ್ಲಿಯೇ. ಆದರೆ ಯಾರು ಕರೆದರು ಎಂಬುದಕ್ಕಿಂತ ಮೊದಲು ನೀವು ಅಲ್ಲಿ ಹೇಗಿದ್ದೀರಿ ಎಂಬುದು ಮುಖ್ಯ, ಮತ್ತು ಸರ್ಫರ್ ಆದವನಿಗೆ ಅದು ಶುರುವಾಗುವುದು ನೀರಿನಲ್ಲಿ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಉತ್ತರ ಅಟ್ಲಾಂಟಿಕ್‌ನಲ್ಲಿ ಏಳುವ ಚಂಡಮಾರುತಗಳು ಸ್ವೆಲ್, ಅಂದರೆ ದೂರದಿಂದ ಉರುಳಿ ಬರುವ ಅಲೆಗಳ ಸಾಲು, ಕಳಿಸುತ್ತಲೇ ಇರುತ್ತವೆ. ಅಗಾದಿರ್‌ನಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕಿರುವ ತಗಾಜೂತ್ ಹಳ್ಳಿಗೆ ಕೇಪ್ ಗಿರ್ ಭೂಶಿರ ಉತ್ತರದ ಗಾಳಿಯನ್ನು ತಡೆದುಕೊಡುತ್ತದೆ. ಹಾಗಾಗಿ ಅಲ್ಲಿ ಅಲೆಗಳು ಬಂಡೆಯಂಚಿನ ಉದ್ದಕ್ಕೂ ನುಣುಪಾಗಿ ಬಲಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಹಳ್ಳಿಯ ಪಕ್ಕದಲ್ಲೇ ಇರುವ ಆಂಕರ್ ಪಾಯಿಂಟ್ ಇದಕ್ಕೇ ಹೆಸರುವಾಸಿ. ಒಳ್ಳೆಯ ಸ್ವೆಲ್ ಬಂದ ದಿನ ಅಲ್ಲೇ ಹುಟ್ಟಿ ಬೆಳೆದ ಹುಡುಗರೂ ಯುರೋಪಿನಿಂದ ಬಂದವರೂ ಅಲೆ ಮೊದಲು ಒಡೆಯುವ ಜಾಗವಾದ ಒಂದೇ ಪೀಕ್‌ಗೆ ಕಾಯುತ್ತಿರುತ್ತಾರೆ. ಪೀಕ್‌ಗೆ ಹತ್ತಿರ ಇದ್ದವರದ್ದೇ ಅಲೆ, ಒಬ್ಬರು ಏರಿದ ಅಲೆಗೆ ಇನ್ನೊಬ್ಬರು ಅಡ್ಡ ನುಗ್ಗಬಾರದು ಎಂಬ ನಿಯಮ ನಿಮಗೆ ಗೊತ್ತೇ ಇದೆ. ಬೆಳಗ್ಗೆ ಬಂದಿಳಿದವನು ನೇರ ಪೀಕ್‌ಗೆ ಹೋಗಿ ಕೂತರೆ ಅದು ನಿಯಮಕ್ಕೆ ಸರಿಯಿರಬಹುದು, ಮರ್ಯಾದೆಗೆ ಸರಿಯಲ್ಲ. ಮೊದಲು ಬಂಡೆಯ ಮೇಲೆ ಕೂತು ಅವರು ಎಲ್ಲಿಂದ ಇಳಿಯುತ್ತಾರೆ, ಎಲ್ಲಿ ಹತ್ತುತ್ತಾರೆ ನೋಡಿ (ಬಂಡೆಗಳಲ್ಲಿ ಮುಳ್ಳುಚೆಂಡಿನಂಥ ಸಮುದ್ರಜೀವಿಗಳಿವೆ, ಹಾಗಾಗಿ ಇದು ನಿಮ್ಮ ಪಾದಕ್ಕೂ ಒಳ್ಳೆಯದು). ಆಮೇಲೆ ಬದಿಯಲ್ಲಿ ಕೂತು, ಬಿಟ್ಟುಹೋದ ಅಲೆಗಳನ್ನು ಹಿಡಿಯಿರಿ.

ಊರು ಚಿಕ್ಕದು. ನೀರಿನಲ್ಲಿ ನಿಮ್ಮ ಪಕ್ಕ ಕೂತವನೇ ಸಂಜೆ ಕೆಫೆಯಲ್ಲಿ ಚಹಾ ತರುತ್ತಾನೆ, ಅವನ ಅಣ್ಣನೇ ಟ್ಯಾಕ್ಸಿ ಓಡಿಸುತ್ತಾನೆ. ನೀವು ಸರದಿ ಕಾದಿರೋ ಇಲ್ಲವೋ ಎಂಬ ಸುದ್ದಿ ನಿಮಗಿಂತ ಮೊದಲು ದಡ ಸೇರಿರುತ್ತದೆ. ಮುಖ ನೋಡಿ ಮಣೆ ಹಾಕುವ ಜನ ಅವರಲ್ಲ, ನಡತೆ ನೋಡಿ ಹಾಕುತ್ತಾರೆ. ನನ್ನನ್ನು ಮೊದಲು ಮನೆಗೆ ಕರೆದದ್ದು ನಾನು ಅಲೆ ಬಿಟ್ಟುಕೊಟ್ಟಿದ್ದ ಹುಡುಗ.

ಮನಸ್ಸಿನಲ್ಲಿ ಅತಿ ಗಟ್ಟಿಯಾಗಿ ಉಳಿದಿರುವುದು ಮಾತ್ರ ಇಮ್ಸುವಾನ್. ಅಗಾದಿರ್ ಮತ್ತು ಎಸ್ಸವೀರಾ ನಡುವಿನ ಮೀನುಗಾರರ ಊರು ಅದು. ಕೊಲ್ಲಿಯಲ್ಲಿ ಅಲೆ ಸರಿಯಾಗಿ ಕೂಡಿಬಂದರೆ ಒಂದೇ ಸವಾರಿ ಕೆಲವು ನೂರು ಮೀಟರ್ ಸಾಗುತ್ತದೆ, ಕೊನೆಗೆ ಕಾಲು ನಡುಗುತ್ತಿರುತ್ತದೆ. ಅಲ್ಲಿ ನನ್ನ ಬೋರ್ಡಿನ ಅಂಚು ಬಂಡೆಗೆ ತಾಗಿ ಬಿರುಕು ಬಿಟ್ಟಿತು. ಬಂದರಿನ ಕಟ್ಟೆಯ ಮೇಲೆ ಬೋರ್ಡ್ ಒಣಗಲು ಇಟ್ಟಿದ್ದೆ. ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಎದ್ದು ಬಂದು ಬಿರುಕಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ನಮ್ಮಿಬ್ಬರಿಗೂ ಸಮನಾಗಿ ಬರುವ ಭಾಷೆ ಇರಲಿಲ್ಲ. ಅವರದು ತಶೆಲ್ಹಿತ್, ಆ ಭಾಗದ ಅಮಾಜಿಗ್ ಜನರ ನುಡಿ, ಜೊತೆಗೆ ಒಂದಿಷ್ಟು ಫ್ರೆಂಚ್. ನನಗೆ ಎರಡರಲ್ಲೂ ಬರುತ್ತಿದ್ದದ್ದು ಬೆರಳೆಣಿಕೆಯ ಪದ. ದೋಣಿಯ ತೂತು ಮುಚ್ಚಲು ಇಟ್ಟುಕೊಂಡಿದ್ದ ರೆಸಿನ್ ಮತ್ತು ಫೈಬರ್ ಬಟ್ಟೆ ತಂದು, ಬಿರುಕಿನ ಸುತ್ತ ಉಜ್ಜಿ, ತೇಪೆ ಹಾಕಿ, ಬಿಸಿಲಿಗೆ ಒರಗಿಸಿದರು.

ಅದು ಗಟ್ಟಿಯಾಗುವವರೆಗೆ ನಾನೇನು ಮಾಡಬೇಕು? ಅವರ ಲೆಕ್ಕದಲ್ಲಿ ಅದಕ್ಕೆ ಉತ್ತರ ಒಂದೇ, ಮನೆಗೆ ಬರಬೇಕು. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಮನೆಯ ಹುಡುಗಿ ಹೂಜಿ ಮತ್ತು ಬೋಗುಣಿ ತಂದು ಕೈಗೆ ನೀರು ಹಾಕಿದಳು. ಆಮೇಲೆ ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿ, ಅರ್ಗಾನ್ ಎಣ್ಣೆ, ಮತ್ತು ಅಮ್ಲೂ ಬಂತು. ಹುರಿದ ಬಾದಾಮಿ, ಅರ್ಗಾನ್ ಎಣ್ಣೆ, ಜೇನುತುಪ್ಪ ಸೇರಿಸಿ ಅರೆದ ಗಸಿ ಅದು. ಅರ್ಗಾನ್ ಮರ ಆ ನೈರುತ್ಯ ಭಾಗದ್ದೇ ಸ್ವಂತ ಮರ. 1998ರಲ್ಲಿ ಯುನೆಸ್ಕೊ ಆ ಕಾಡನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಅದರ ಕಾಯಿಯನ್ನು ಕಲ್ಲಿನಿಂದ ಒಂದೊಂದಾಗಿ ಕುಟ್ಟಿ ಒಡೆದು, ಒಳಗಿನ ಬೀಜದಿಂದ ಎಣ್ಣೆ ತೆಗೆಯುವುದು ಹೆಂಗಸರ ಕೆಲಸ, ಒಂದು ಲೀಟರಿಗೆ ದಿನಗಟ್ಟಲೆ ಕೂರಬೇಕು. ಆ ಎಣ್ಣೆಯನ್ನು ಅಪರಿಚಿತನ ತಟ್ಟೆಗೆ ಅಳತೆಯಿಲ್ಲದೆ ಸುರಿದರು. ನನಗೆ ಇವತ್ತಿಗೂ ಗಂಟಲು ಕಟ್ಟುವುದು ಅದನ್ನು ನೆನೆದಾಗ.

ಪುದೀನಾ ಚಹಾ ಒಂದು ಲೋಟಕ್ಕೆ ಮುಗಿಯುವುದಿಲ್ಲ. ಹಸಿರು ಚಹಾ, ಪುದೀನಾ, ಧಾರಾಳ ಸಕ್ಕರೆ. ಎತ್ತರದಿಂದ ಸುರಿದು, ರುಚಿ ನೋಡಿ, ಮತ್ತೆ ಕೆಟಲಿಗೆ ಸುರಿದು, ಆಮೇಲಷ್ಟೇ ಕೊಡುತ್ತಾರೆ. ಅಲ್ಲಿ ಗಡಿಯಾರ ನೋಡಬೇಡಿ. ಒಂದು ಗುಟುಕು ಕುಡಿದು ಅಲೆ ಚೆನ್ನಾಗಿದೆ ಎಂದು ಓಡುವುದಾದರೆ ಮೊದಲೇ ಎದೆಯ ಮೇಲೆ ಕೈಯಿಟ್ಟು ಇನ್ನೊಮ್ಮೆ ಬರುತ್ತೇನೆ ಎಂದುಬಿಡಿ, ಯಾರೂ ಬೇಸರಿಸುವುದಿಲ್ಲ. ಒಪ್ಪಿಕೊಂಡರೆ ಪೂರ್ತಿ ಕೂರಿ. ಅವರು ನಿಮ್ಮಿಂದ ಬಯಸುವುದು ಅದೊಂದನ್ನೇ.

ಇನ್ನು ನಂಬಿಕೆಯ ವಿಷಯ. ಮರಾಕೆಶ್‌ನ ಹಳೇ ಪೇಟೆಯಲ್ಲಿ ‘ಆ ದಾರಿ ಮುಚ್ಚಿದೆ, ನಾನು ತೋರಿಸುತ್ತೇನೆ’ ಎಂದು ಶುರುವಾಗಿ ಕಂಬಳಿ ಅಂಗಡಿಯ ಚಹಾದಲ್ಲಿ ಮುಗಿಯುವ ಕರೆ ವ್ಯಾಪಾರದ್ದು. ಅದರಲ್ಲಿ ಪಾಪವೇನಿಲ್ಲ, ಕೊಳ್ಳುವುದಿಲ್ಲವಾದರೆ ನಗುತ್ತಾ ಮುಂದೆ ನಡೆಯಿರಿ. ಮನೆಯ ಕರೆಯಲ್ಲಿ ಅವಸರ ಇರುವುದಿಲ್ಲ. ನೀವು ಎಲ್ಲಿ ಉಳಿದಿದ್ದೀರಿ, ಎಷ್ಟು ದುಡ್ಡಿದೆ ಎಂಬ ವಿಚಾರಣೆ ಇರುವುದಿಲ್ಲ. ಊರಿನವರು ನೋಡುತ್ತಿರುವಾಗಲೇ ಕರೆಯುತ್ತಾರೆ, ಮನೆಯಲ್ಲಿ ಮಕ್ಕಳು, ಮುದುಕರು ಇರುತ್ತಾರೆ. ಅಮಲೇರಿದವರು, ರಾತ್ರಿ ಹೊತ್ತು ಒಂಟಿಯಾಗಿ ಸಿಕ್ಕವರು ಕರೆದರೆ ಬೇಡ. ನನ್ನದು ಗಂಡಸಿನ ಅನುಭವ. ಒಂಟಿ ಹೆಣ್ಣುಮಗಳು ಕೇಳಿದ್ದರೆ, ಮನೆಯ ಹೆಂಗಸರೇ ಕರೆದ ಕಡೆ ಮಾತ್ರ ಹೋಗಿ ಎನ್ನುತ್ತಿದ್ದೆ.

ಸಸ್ಯಾಹಾರದ ಬಗ್ಗೆ ಕೂರುವ ಮೊದಲೇ ಹೇಳಿ, ಬಡಿಸಿದ ಮೇಲಲ್ಲ. ತಜೀನ್‌ನಲ್ಲಿ (ಮುಚ್ಚಳದ ಮಣ್ಣಿನ ಪಾತ್ರೆಯ ಅಡುಗೆ) ತರಕಾರಿ ಬೇಯುವುದು ಬಹುಮಟ್ಟಿಗೆ ಮಾಂಸದ ಜೊತೆಗೇ, ಎಲ್ಲರೂ ಒಂದೇ ಪಾತ್ರೆಯಿಂದ ತಿನ್ನುತ್ತಾರೆ, ಅತಿಥಿಯ ಮುಂದಕ್ಕೆ ಒಳ್ಳೆಯ ತುಂಡನ್ನು ಪ್ರೀತಿಯಿಂದ ತಳ್ಳುತ್ತಾರೆ. ಶುಕ್ರವಾರದ ಕೂಸ್‌ಕೂಸ್, ಅಂದರೆ ಹಬೆಯಲ್ಲಿ ಬೇಯಿಸಿದ ಗೋಧಿ ರವೆ, ಕೂಡ ಹಾಗೆಯೇ. ವೈದ್ಯರು ಬೇಡ ಎಂದಿದ್ದಾರೆ ಎಂಬ ಸುಳ್ಳು ಬೇಕಿಲ್ಲ, ಹುಟ್ಟಿನಿಂದ ತಿಂದಿಲ್ಲ ಎಂದರೆ ಒಪ್ಪುತ್ತಾರೆ. ರೊಟ್ಟಿ, ಆಲಿವ್, ಬೇಳೆ, ಅವರೆಯಂಥ ಫಾವಾ ಕಾಳಿನ ಬಿಸಾರ ಎಂಬ ಗಟ್ಟಿ ಸಾರು, ಬದನೆಯ ಜಾಲೂಕ್ ಎಂಬ ಗೊಜ್ಜು, ಇಷ್ಟು ಸಿಕ್ಕರೆ ಹೊಟ್ಟೆ ತುಂಬುತ್ತದೆ. ಬಲಗೈಯಲ್ಲಿ, ನಿಮ್ಮ ಮುಂದಿನ ಭಾಗದಿಂದಲೇ ತಿನ್ನಿ.

ಬರಿಗೈಯಲ್ಲಿ ಹೋಗಬೇಡಿ, ದುಡ್ಡನ್ನೂ ಚಾಚಬೇಡಿ. ಆ ಹಿರಿಯರಿಗೆ ನಾನು ದಿರ್ಹಾಮ್ ನೋಟು ತೆಗೆದಾಗ ಅವರು ನನ್ನ ಮುಷ್ಟಿಯನ್ನು ಮುಚ್ಚಿ ಹಿಂದಕ್ಕೆ ತಳ್ಳಿದರು. ಅಲ್ಲಿ ಮನೆಗೆ ಒಯ್ಯುವ ಹಳೆಯ ಕಾಣಿಕೆ ಸಕ್ಕರೆ ಅಚ್ಚು. ಕಾಗದ ಸುತ್ತಿದ, ಗೋಪುರದಾಕಾರದ ಸಕ್ಕರೆ ಗಟ್ಟಿ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಮದುವೆ, ನಾಮಕರಣ, ಸಾವು ಎಲ್ಲಕ್ಕೂ ಅದನ್ನೇ ಒಯ್ಯುತ್ತಾರೆ, ಹಾಗಾಗಿ ತಪ್ಪು ಅರ್ಥ ಬರುವುದೇ ಇಲ್ಲ. ಸರ್ಫರ್ ಕೊಡಬಹುದಾದದ್ದು ಇನ್ನೊಂದಿದೆ. ಹೊರಡುವಾಗ ಉಳಿದ ವ್ಯಾಕ್ಸ್, ಹೆಚ್ಚಿನ ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ), ಫಿನ್ (ಬೋರ್ಡಿನ ಅಡಿಯ ರೆಕ್ಕೆ), ಆಗುವುದಾದರೆ ವೆಟ್‌ಸೂಟನ್ನೇ ಊರಿನ ಮಕ್ಕಳಿಗೆ ಬಿಟ್ಟುಬನ್ನಿ. ಚಳಿಗಾಲದ ನೀರು 17 ಡಿಗ್ರಿಯ ಆಸುಪಾಸು ಇರುತ್ತದೆ, ಎಷ್ಟೋ ಮಕ್ಕಳು ಹರಿದ ಸೂಟಿನಲ್ಲೇ ನೀರಿಗಿಳಿಯುತ್ತಾರೆ.

ಆತಿಥ್ಯವನ್ನು ಮಾತ್ರ ಬಜೆಟ್‌ಗೆ ಸೇರಿಸಬೇಡಿ. ಮಲಗಲು ಕೋಣೆ ನಿಮ್ಮ ದುಡ್ಡಿನದ್ದೇ ಇರಲಿ. ಹಳ್ಳಿಯ ಮನೆಯಲ್ಲಿ ವಿದೇಶಿ ರಾತ್ರಿ ತಂಗಿದರೆ ಅಲ್ಲಿನ ಮುಕದ್ದಮ್, ಅಂದರೆ ಊರಿನ ಸರ್ಕಾರಿ ಪ್ರತಿನಿಧಿ, ಬಂದು ವಿಚಾರಿಸುವುದುಂಟು, ಆ ಮುಜುಗರ ನಿಮ್ಮನ್ನು ಕರೆದವರ ತಲೆಗೆ ಬರುತ್ತದೆ. ಒತ್ತಾಯದಿಂದ ಉಳಿಸಿಕೊಂಡರೆ ಪಾಸ್‌ಪೋರ್ಟ್ ಜೊತೆಗಿರಲಿ. ಇಮ್ಸುವಾನ್‌ಗೆ ಹೋಗುವುದಾದರೆ ಹಳೆಯ ವಿಳಾಸಗಳನ್ನು ನೆಚ್ಚಬೇಡಿ. 2024ರ ಜನವರಿಯಲ್ಲಿ ಕಡಲಂಚಿನ ಮನೆ, ಕೆಫೆ, ಸರ್ಫ್ ಅಂಗಡಿಗಳಲ್ಲಿ ಬಹಳಷ್ಟನ್ನು ಅಧಿಕಾರಿಗಳು ಕೆಡವಿದರು. ಅಲ್ಲಿನವರನ್ನು ಮಾತಾಡಿಸುವಾಗ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲೆ ಹೇಗಿದೆ ಎಂದು ಕೇಳುವ ಮೊದಲು ಮನೆಯವರು ಹೇಗಿದ್ದಾರೆ ಎಂದು ಕೇಳಿ.

ನಿಮ್ಮ ಪ್ರವಾಸ ರಂಜಾನ್ ತಿಂಗಳಲ್ಲಿ ಬಿದ್ದರೆ ತಾರೀಖು ಬದಲಿಸಬೇಡಿ. ಹಗಲು ಅನೇಕ ಕೆಫೆ ಮುಚ್ಚಿರುತ್ತವೆ, ಬೀದಿಯಲ್ಲಿ ತಿನ್ನುತ್ತಾ ನಡೆಯುವುದು ಸರಿಯಲ್ಲ, ಬೆಳಗ್ಗೆ ನೀರಿನಲ್ಲಿ ಜನ ಕಡಿಮೆ. ಸೂರ್ಯ ಮುಳುಗುವ ಹೊತ್ತಿಗೆ ಇಡೀ ಊರು ಒಳಗೆ ಸೇರಿಕೊಳ್ಳುತ್ತದೆ, ಆಗ ಒಂಟಿಯಾಗಿ ರಸ್ತೆಯಲ್ಲಿರುವವನನ್ನು ಕರೆಯದೆ ಬಿಡುವುದಿಲ್ಲ. ಕರೆದವರಿದ್ದರೆ ಒಂದು ಪೊಟ್ಟಣ ಖರ್ಜೂರ ಹಿಡಿದು, ಬಾಂಗ್ ಆಗುವುದಕ್ಕೆ ಸ್ವಲ್ಪ ಮೊದಲೇ ಬಾಗಿಲಲ್ಲಿರಿ. ಉಪವಾಸ ಬಿಡುವಾಗ ಕೊಡುವ ಹರೀರಾ ಸೂಪಿನಲ್ಲಿ ಮಾಂಸ ಇದೆಯೇ ಎಂದು ಹಿಂದಿನ ದಿನವೇ ಕೇಳಿಬಿಡಿ.